ಟಿಬ್ ತಿರುಗಿ ನೋಡಿದ ರಾತ್ರಿ

ಶುಕ್ರವಾರ ರಾತ್ರಿ. ಹೆಂಡದಂಗಡಿ ಬಾಗಿಲು ಹಾಕಿ ಬಹಳ ಹೊತ್ತಾಗಿತ್ತು. ನನ್ನ ಸೋದರತ್ತೆಯ ಮಗ ಜೇಬೆಜ್, ಅವನ ಜೊತೆ ಬಲೆ ಹಾಕುವ ಸೈಲಸ್, ಇಬ್ಬರೂ ಮೊಲದ ಬಯಲಿನ ದಾರಿಯಲ್ಲಿ ಮನೆಗೆ ಬರುತ್ತಿದ್ದರು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿಯಲ್ಲಿ ಕರಕ್ ಕರಕ್ ಅನ್ನುತ್ತಿತ್ತು. ಕಾವಲುಮನೆಯ ಬಾವಿ ಹತ್ತಿರ ಬಂದಾಗ ಸೈಲಸ್ ನಿಂತ.

"ಕೇಳಿಸ್ತಾ?"

"ಏನು?"

"ಶ್... ಕೇಳು."

ಬಾವಿಯ ಹಗ್ಗದಿಂದ ಒಂದು ಹನಿ ಬಿತ್ತು... ಟೊಳಕ್. ಅದಲ್ಲ. ಅದರಾಚೆ, ಪಡುವಣ ದಿಬ್ಬದ ಕಡೆಯಿಂದ... ದುಬ್. ಸರ್ರ್. ದುಬ್. ಸರ್ರ್. ಅರ್ಧ ತುಂಬಿದ ಚೀಲವನ್ನು ಯಾರೋ ಹುಲ್ಲಿನ ಮೇಲೆ ಉರುಳಿಸಿದ ಹಾಗೆ. ನಡುವೆ ಒಂದೊಂದು ಸಲ... ಕಟಕ್. ತನ್ನ ಬಾಲವನ್ನು ತಾನೇ ಕಚ್ಚಲು ಹೋಗಿ ನಾಯಿ ಬರೀ ಗಾಳಿ ಕಚ್ಚುತ್ತದಲ್ಲ, ಆ ಸದ್ದು.

"ಟಿಬ್," ಅಂದ ಸೈಲಸ್, ಉಸಿರಿನಲ್ಲೇ.

"ಟಿಬ್ ಸತ್ತು ಮೂರು ವಾರ ಆಯ್ತಲ್ಲೋ, ಪುಕ್ಕಲ."

"ಅದಕ್ಕೇ ಹೇಳ್ತಿರೋದು."

"ನಡಿ ನಡಿ. ಇವತ್ತು ದಿಬ್ಬದ ಹತ್ರ ಹೋಗ್ಲೇಬೇಕು. ನಾಳೆ ಶನಿವಾರ."

"ನೀನು ಹೋಗು ಮಾರಾಯ. ನಾಳೆ ಬೆಳಿಗ್ಗೆ ಗುಂಡೀಲಿ ಮೊಲ ಇರತ್ತೋ ಇಲ್ವೋ... ನಾನಂತೂ ಇರ್ಬೇಕು."

ಅಷ್ಟು ಹೇಳಿ ಸೈಲಸ್ ಬಂದ ದಾರಿಗೇ ತಿರುಗಿದ. ಮೊದಲು ನಡಿಗೆ. ಆಮೇಲೆ ಓಟ. ಕರಕ್ ಕರಕ್ ಅನ್ನುವುದು ದೂರವಾಗಿ ಹೋಯಿತು. ಜೇಬೆಜ್ ನೆಲಕ್ಕೆ ಉಗಿದ.

ಉಗಿಯುವುದರಲ್ಲಿ ನಮ್ಮ ಜೇಬೆಜ್‌ನನ್ನು ಮೀರಿಸುವವರು ನಮ್ಮ ಸೀಮೆಯಲ್ಲೇ ಇರಲಿಲ್ಲ ಬಿಡಿ. ಸೈಲಸ್ ಅಂದರೆ ಉಗಿಯುತ್ತಿದ್ದ, ಹೆದರುಪುಕ್ಕಲ ಅಂತ. ಪಾದ್ರಿ ಅಂದರೆ ಉಗಿಯುತ್ತಿದ್ದ, ಕೂಲಿಗೆ ಹಾಡುವವನು ಅಂತ. ಮೊಲಗಳನ್ನಂತೂ ಕೇಳಲೇಬೇಡಿ, ದಿನವಿಡೀ ಅವನ್ನೇ ತಿಂದು, ಅವುಗಳ ಚರ್ಮದ ಟೋಪಿಯನ್ನೇ ತಲೆಗಿಟ್ಟುಕೊಂಡು, ಅವನ್ನೇ ಬೈಯುತ್ತಿದ್ದ. ಥೆಟ್‌ಫರ್ಡ್ ಸಂತೆಯಲ್ಲಿ ಅವನು ಮೂಗೆತ್ತಿ ನಡೆಯುವುದನ್ನು ನೀವು ನೋಡಬೇಕಿತ್ತು. ಮಳೆ ಬಂದರೆ ಮೂಗಿನ ಹೊಳ್ಳೆ ತುಂಬಿ ಸಾಯುತ್ತಾನೆ ಅಂತ ನಾವು ಹುಡುಗರು ಹಿಂದಿನಿಂದ ಕೂಗಿ ಓಡುತ್ತಿದ್ದೆವು. ಆದರೆ ಅವನು ಎಲ್ಲರಿಗಿಂತ ಹೆಚ್ಚು ಉಗಿದದ್ದು ಒಂದು ನಾಯಿಗೆ. ಅದನ್ನು ಹೇಳದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ.

ನೀವು ನೋಡಿರುವುದು ಓಡಿಸಿಕೊಂಡು ಹೋಗಿ ಹಿಡಿಯುವ ನಾಯಿಗಳು. ಮೊಲ ಮುಂದೆ, ನಾಯಿ ಹಿಂದೆ, ಅದಕ್ಕೆ ಬುದ್ಧಿ ಬೇಕಿಲ್ಲ, ಕಾಲಿದ್ದರೆ ಸಾಕು. ಲಾಗದ ನಾಯಿ ಹಾಗಲ್ಲ. ಅಂಬ್ರೋಸ್ ಅಜ್ಜನ ಟಿಬ್ ಆ ಜಾತಿಯಲ್ಲಿ ಕೊನೆಯದು. ಅದು ಸತ್ತ ಮೇಲೆ ಅಂಥ ನಾಯಿಯನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಬಡಕಲು ಮೈ, ನೆಟ್ಟಗಿನ ಕಿವಿ, ಕೆಸರಿನ ಬಣ್ಣ. ಹೊಗೆಯಾಡುವ ಒಲೆಯ ಮುಂದೆ ಮಲಗಿದ್ದರೆ ಹಳೇ ಕಾಲೊರಸು ಅಂದುಕೊಂಡು ತುಳಿಯಬೇಕು. ಅದು ಮೊಲವನ್ನು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಮೊಲಗಳು ಮೇಯುವ ಕಡೆ ಹೋಗಿ, ದೂರದಲ್ಲಿ, ಗಾಳಿ ತನ್ನ ಮುಖಕ್ಕೆ ಬೀಸುವ ಕಡೆ ನಿಂತು, ಲಾಗ ಹಾಕುತ್ತಿತ್ತು. ಉರುಳುತ್ತಿತ್ತು. ಬಾಲ ಹಿಡಿಯಲು ಸುತ್ತುತ್ತಿತ್ತು. ಕುಡಿದವನ ಹಾಗೆ ಮುಗ್ಗರಿಸುತ್ತಿತ್ತು. ನಾಲ್ಕು ಕಾಲೂ ಮೇಲೆತ್ತಿ ಬೆನ್ನು ಉಜ್ಜುತ್ತಿತ್ತು. ಮೊಲದ ಕಡೆ ಮಾತ್ರ ಒಂದು ಸಲವೂ ನೋಡುತ್ತಿರಲಿಲ್ಲ.

ಮೊಲಗಳು ಮೇಯುವುದು ಬಿಟ್ಟು ಹಿಂಗಾಲ ಮೇಲೆ ಎದ್ದು ಕೂರುತ್ತಿದ್ದವು. ಇದೆಂಥ ತಲೆಕೆಟ್ಟ ನಾಯಿ, ನಮ್ಮನ್ನು ನೋಡಲಿಕ್ಕೂ ಬರುವುದಿಲ್ಲವಲ್ಲ ಇದಕ್ಕೆ ಅಂತ. ಹೀಗೆ ಅವು ನೋಡುತ್ತಿದ್ದ ಹಾಗೇ ಟಿಬ್ ಒಂದು ಲಾಗ ಈಚೆ, ಒಂದು ಲಾಗ ಈಚೆ... ಕೊನೆಗೆ ಒಂದು ಮಾರು ದೂರ ಉಳಿದಾಗ ಸುಮ್ಮನೆ ಎದ್ದು ನಿಂತು, ಮೊದಲ ಸಲ, ಆ ಮೊಲವನ್ನು ನೋಡುತ್ತಿತ್ತು.

ಅಷ್ಟೇ. ಆಮೇಲೆ ಮೊಲ ಅದರ ಬಾಯಲ್ಲಿ.

ಕಚ್ಚುತ್ತಿರಲಿಲ್ಲ. ಕತ್ತಿನ ಚರ್ಮ ಹಿಡಿದು, ಜೀವಂತ, ಒಂದು ಹಲ್ಲಿನ ಗುರುತಿಲ್ಲದೆ ಅಂಬ್ರೋಸ್ ಅಜ್ಜನ ಹೊಸ್ತಿಲಿಗೆ ತಂದು ಹಿಡಿದುಕೊಂಡು ನಿಲ್ಲುತ್ತಿತ್ತು. ಅಜ್ಜನಿಗೆ ಕಣ್ಣು ಹೋಗಿ ಹತ್ತು ವರ್ಷ. ಅವನು ಬಾಗಿ ಕೈಯಲ್ಲಿ ತಡವುತ್ತಿದ್ದ. ಕತ್ತು, ಪಕ್ಕೆ, ಹೊಟ್ಟೆ. ಕೊಬ್ಬಿದ್ದರೆ "ಕೊಡು" ಅನ್ನುತ್ತಿದ್ದ. ಬಡಕಲಾಗಿದ್ದರೆ "ಥೂ, ಬಿಟ್ಬಿಡು" ಅನ್ನುತ್ತಿದ್ದ. ಟಿಬ್ ಬಾಯಿ ತೆರೆಯುತ್ತಿತ್ತು. ಮೊಲ ಅಲ್ಲೇ ಒಂದು ಗಳಿಗೆ ಬಿದ್ದುಕೊಂಡಿದ್ದು, ಆಮೇಲೆ ನೆನಪಾದವರ ಹಾಗೆ ಎದ್ದು ಓಡುತ್ತಿತ್ತು.

ಆ ಕಾಲದಲ್ಲಿ ಅಜ್ಜನೇ ಬಯಲಿನ ಕಾವಲುಗಾರ. ಕಲ್ಲಿನ ಕಾವಲುಮನೆ ಅವನದೇ. ಆಮೇಲೆ ದಣಿಗಳ ಪಾರುಪತ್ಯಗಾರ ಬಂದ. ರಾತ್ರಿಗೆ ಐದಾರು ಮೊಲ ಯಾವ ಮೂಲೆಗೆ ಸಾಲುತ್ತದೆ, ಟೋಪಿ ಮಾಡುವವರಿಗೆ ಚರ್ಮ ಗಾಡಿಗಟ್ಟಲೆ ಬೇಕು ಅಂದ. ಪಡುವಣ ದಿಬ್ಬದ ಕೆಳಗೆ, ಟರ್ನಿಪ್ ಗಡ್ಡೆಯ ಹೊಲಕ್ಕೆ ಅಡ್ಡವಾಗಿರುವ ಗೋಡೆಯಲ್ಲಿ ಒಂದು ಕಂಡಿ ಬಿಡಿಸಿ, ಅದರಾಚೆ ಗುಂಡಿ ತೋಡಿಸಿದ. ಎರಡಾಳು ಆಳ. ಗುಂಡಿಯ ಬಾಯಿಗೆ ಬಾಗಿಲಷ್ಟು ಅಗಲದ ಹಲಗೆ, ಅದರ ನಡುವೆ ಕಬ್ಬಿಣದ ಅಚ್ಚು. ಕೀಲು ಹಾಕಿದರೆ ಹಲಗೆ ನೆಲದ ಹಾಗೆ ಗಟ್ಟಿ, ನೀವು ಅದರ ಮೇಲೆ ಕುಣಿಯಬಹುದು. ಕೀಲು ತೆಗೆದರೆ... ಕಿರ್ರ್... ಟಪ್. ಗಡ್ಡೆ ತಿನ್ನಲು ಬಂದ ಮೊಲ ಒಳಗೆ, ಹಲಗೆ ಮತ್ತೆ ತನ್ನಷ್ಟಕ್ಕೆ ಸಮ. ಒಂದೇ ರಾತ್ರಿಗೆ ನೂರು, ಇನ್ನೂರು.

ಗುಂಡಿಯ ಉಸ್ತುವಾರಿ ಜೇಬೆಜ್‌ಗೆ ಸಿಕ್ಕಿತು. ಜೊತೆಗೆ ಕಾವಲುಮನೆಯೂ. ಅಜ್ಜನನ್ನು ಬಯಲಿನ ಅಂಚಿನ ಹುಲ್ಲುಹೆಂಟೆಯ ಗುಡಿಸಲಿಗೆ ಅಟ್ಟಿದರು. ಜೇಬೆಜ್‌ನ ತಾಯಿ, ನನ್ನ ಡೋರ್ಕಸ್ ಅತ್ತೆ, ಉಸಿರಾಟದ ರೋಗದವಳು, ಕಲ್ಲುಮನೆಯ ದೊಡ್ಡ ಒಲೆಯ ಮುಂದೆ ಕೂತ ಮೇಲೆ ಮೂರು ವರ್ಷಕ್ಕೆ ಮೊದಲ ಸಲ ಮಲಗಿ ನಿದ್ದೆ ಮಾಡಿದಳು. ಅದು ಒಳ್ಳೆಯದೇ ಆಯಿತು, ಯಾರೂ ಇಲ್ಲ ಅನ್ನುವುದಿಲ್ಲ.

ಆದರೆ ಟಿಬ್‌ಗೆ ಮನೆ ಬದಲಾದದ್ದು ಲೆಕ್ಕಕ್ಕೇ ಬರಲಿಲ್ಲ. ರಾತ್ರಿ ದಿಬ್ಬಕ್ಕೆ ಹೋಗಿ ಲಾಗ ಹಾಕುತ್ತಿತ್ತು. ಮೊಲಗಳು ಗಡ್ಡೆಯ ಹೊಲಕ್ಕೆ ಹೋಗುವುದು ಬಿಟ್ಟು ಅದರ ಸುತ್ತ ಕೂತು ತಮಾಷೆ ನೋಡುತ್ತಿದ್ದವು. ಬೆಳಿಗ್ಗೆ ಗುಂಡಿಯಲ್ಲಿ ಮೂರೇ ಮೂರು. ಹೀಗೇ ಒಂದು ವಾರ. ಒಂದು ರಾತ್ರಿ ಜೇಬೆಜ್ ಹೋಗಿ ಅದನ್ನು ಬಾಲ ಹಿಡಿದು ಎತ್ತಿ ಗುಂಡಿಗೆ ಹಾಕಿದ. ಹಲಗೆ ಮುಚ್ಚಿದ. ಕೀಲು ಜಡಿದ.

ಮೂರು ರಾತ್ರಿ ಅದು ಒಳಗಿನಿಂದ ಕುಂಯ್‌ಗುಟ್ಟಿತು. ಬಯಲಿನಲ್ಲಿ ಬಲೆ ಹಾಕುವವರಿಗೆಲ್ಲ ಕೇಳಿಸಿತು. "ಗಾಳಿ ಕಣ್ರೋ," ಅಂದ ಜೇಬೆಜ್. ಅಜ್ಜ ಮೂರೂ ರಾತ್ರಿ ಗುಡಿಸಲ ಬಾಗಿಲಲ್ಲಿ ನಿಂತು ಟಿಬ್, ಟಿಬ್ ಅಂತ ಕರೆದ. ಕುರುಡ, ಬಯಲಿನಲ್ಲಿ ಹೆಜ್ಜೆಗೊಂದು ಬಿಲ, ಎಲ್ಲಿಗೆ ಹೋದಾನು? ನಾಲ್ಕನೇ ಬೆಳಿಗ್ಗೆ ಜೇಬೆಜ್ ಕೀಲು ತೆಗೆದು ಲಾಂದ್ರ ಇಳಿಸಿ ನೋಡಿದ. ಗುಂಡಿ ಖಾಲಿ. ಹೆಣ ಇಲ್ಲ, ಕೂದಲೂ ಇಲ್ಲ.

"ನರಿ ಎಳ್ಕೊಂಡು ಹೋಗಿದೆ," ಅಂದ.

ಕೀಲು ತೆಗೆದು, ಮತ್ತೆ ಕೀಲು ಹಾಕಿ ಹೋಗುವ ನರಿ! ಅವನ ಮುಖಕ್ಕೇ ಹೀಗಂತ ಕೇಳುವ ಧೈರ್ಯ ಸೈಲಸ್‌ಗೆ ಎಲ್ಲಿಂದ ಬರಬೇಕು.

ಅವತ್ತಿನಿಂದ ಗುಂಡಿಗೆ ಒಂದು ಮೊಲವೂ ಬೀಳಲಿಲ್ಲ. ಒಂದೂ ಇಲ್ಲ. ರಾತ್ರಿ ದಿಬ್ಬದ ಮೇಲೆ ದುಬ್, ಸರ್ರ್. ಬಲೆಯವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಪಾರುಪತ್ಯಗಾರ ಕುದುರೆ ಮೇಲೆ ಬಂದು, ಇಳಿಯದೆಯೇ, ಹೇಳಿ ಹೋದ: "ಶನಿವಾರ ಬೆಳಿಗ್ಗೆ ಬರ್ತೀನಿ. ಪಡುವಣ ದಿಬ್ಬದ ಮೊಲ ಕಣ್ಣಿಗೆ ಬೀಳ್ಬೇಕು. ಯಾರು ತೋರಿಸ್ತಾರೋ ಅವ್ರಿಗೆ ಕಾವಲುಮನೆ. ಇಲ್ದಿದ್ರೆ ನಿಮ್ಮಮ್ಮನ್ನ ಕಂಬಳೀಲಿ ಸುತ್ಕೊಂಡು ಹೊರಡು."

ಚಳಿಗಾಲ. ಡೋರ್ಕಸ್ ಅತ್ತೆಗೆ ಒಲೆ ತಪ್ಪಿದರೆ ವಾರ ನಿಲ್ಲುವುದಿಲ್ಲ ಅನ್ನುವುದು ಜೇಬೆಜ್‌ಗೂ ಗೊತ್ತಿತ್ತು. ಅವನು ಹೇಗೇ ಇರಲಿ, ತಾಯಿಯ ಮೇಲೆ ಮಾತ್ರ ಉಗಿದವನಲ್ಲ.

ಇದೇ ಆ ಶುಕ್ರವಾರ.

ಸೈಲಸ್ ಓಡಿದ ಮೇಲೆ ಜೇಬೆಜ್ ಮನೆಯೊಳಗೆ ಹೋಗಿ ಲಾಂದ್ರ ಹಚ್ಚಿಕೊಂಡ. ಮೂಲೆಯಲ್ಲಿದ್ದ ದೊಣ್ಣೆ ತೆಗೆದುಕೊಂಡ. ಡೋರ್ಕಸ್ ಅತ್ತೆ ಒಲೆ ಮುಂದೆ ಎದ್ದು ಕೂತಳು. ಎದೆಯಲ್ಲಿ ಗೊರ್... ಗೊರ್...

"ಎಲ್ಲಿಗೋ?"

"ದಿಬ್ಬಕ್ಕೆ. ಕೀಲು ತೆಗೆದು ಬರ್ತೀನಿ. ಮಲಕ್ಕೊ ನೀನು."

"ಕೋಟಿನ ಗುಂಡಿ ಹಾಕ್ಕೊ... ಮಗನೇ, ಅಂಬ್ರೋಸಣ್ಣನ ಗುಡಿಸಲಿಂದ ದಿನಾ ವಾಸನೆ ಬರ್ತದೆ ಕಣೋ."

"ಎಂಥ ವಾಸನೆ?"

"ಮೊಲ ಬೇಯಿಸೋದು. ಈರುಳ್ಳಿ ಹಾಕಿ."

ಜೇಬೆಜ್ ದಾರಿ ಬದಲಿಸಿದ. ಮೊದಲು ಗುಡಿಸಲಿಗೆ ಹೋದ. ಬಾಗಿಲನ್ನು ಕಾಲಿಂದ ತಳ್ಳಿದ. ಅಂಬ್ರೋಸ್ ಅಜ್ಜ ಕೆಂಡದ ಮುಂದೆ ಕೂತು ಬಾರ್ಲಿ ರೊಟ್ಟಿಯನ್ನು ಬಟ್ಟಲಲ್ಲಿ ಅದ್ದಿ ತಿನ್ನುತ್ತಿದ್ದ. ಸಾರು ಘಮ್ಮೆನ್ನುತ್ತಿತ್ತು.

"ಏನಜ್ಜ, ಭರ್ಜರಿ ಊಟ! ಯಾರು ತಂದು ಕೊಡ್ತಾರೆ ಮೊಲ?"

"ಬಾಗಿಲು ಹಾಕೋ. ಚಳಿ ಬರ್ತದೆ. ನಿನ್ ಜೊತೇಲಿ ನಾತಾನೂ ಬರ್ತದೆ."

"ಕೇಳಿದ್ದಕ್ಕೆ ಹೇಳು, ಮುದುಕ. ಗುಂಡೀಲಿ ಕದೀತಿದೀಯಾ?"

ಅಜ್ಜ ಅಗಿಯುವುದನ್ನು ನಿಲ್ಲಿಸಲಿಲ್ಲ. "ಕುರುಡ ನಾನು. ಗುಂಡಿ ಖಾಲಿ ಅಂತ ನೀನೇ ಊರೆಲ್ಲ ಅಳ್ತಿದೀಯ. ಖಾಲಿ ಗುಂಡೀಲಿ ಕುರುಡ ಕದ್ದ... ಇದನ್ನ ಪಾರುಪತ್ಯಗಾರನ ಮುಂದೆ ಹೇಳು ಹೋಗು. ಕುದುರೆನೂ ನಗತ್ತೆ."

"ಹಾಗಾದ್ರೆ ಹೇಗೆ ಬಂತು ಇದು?"

"ಬೆಳಿಗ್ಗೆ ಹೊಸ್ತಿಲ ಮೇಲೆ ಕೈ ಚಾಚ್ತೀನಿ. ಇರ್ತದೆ."

ಜೇಬೆಜ್ ನಕ್ಕ. ಮೂಗಿನಲ್ಲಿ ನಗುತ್ತಿದ್ದ ಅವನು, ಹ್ಞುಂ ಅಂತ. "ನಿನ್ನ ಕೋತಿನಾಯಿ ಸತ್ತ ಮೇಲೂ ಬೇಟೆ ಆಡ್ತಿದೆ ಅನ್ನು. ಬದುಕಿದ್ದಾಗ್ಲೇ ಅದಕ್ಕೆ ಬೇಟೆ ಬರ್ತಿರ್ಲಿಲ್ಲ. ಬರೀ ಹೊರಳಾಡೋದು. ಸಂತೇಲಿ ಕುಣಿಸೋಕೆ ಲಾಯಕ್ಕು."

ಅಜ್ಜ ಬಟ್ಟಲು ಕೆಳಗಿಟ್ಟ. ಬೆರಳನ್ನು ಒಂದೊಂದಾಗಿ ನೆಕ್ಕಿದ. ಆಮೇಲೆ ಮೆಲ್ಲಗೆ, ಪಕ್ಕದಲ್ಲಿ ಮಗು ಮಲಗಿದೆಯೇನೋ ಅನ್ನುವ ಹಾಗೆ, ಹೇಳಿದ:

"ಮೊಲಾನೂ ಹಾಗೇ ಅಂದ್ಕೊಳ್ಳತ್ತೆ, ಜೇಬೆಜ್."

ಹೊರಗೆ... ದುಬ್. ಸರ್ರ್.

"ಅದು ನಿನ್ನ ನೋಡದೇ ಇದ್ರೆ ನಗಬೇಡ," ಅಂದ ಅಜ್ಜ. "ಬೆನ್ನು ಹಾಕಿ ಮನೆಗೆ ಬಾ. ನೋಡದೇ ಇರೋದೇ ಅದರ ಬೇಟೆ. ನೋಡಿತು ಅಂದ್ರೆ... ಕೆಲಸ ಮುಗಿದ್ಹಂಗೆ."

"ನನಗೆ ಹೇಳ್ಕೊಡ್ಬೇಡ. ನೂರು ಸಲ ನೋಡಿದೀನಿ ಆ ಆಟ."

"ಅದು ನಿನ್ನ ಇನ್ನೂ ಒಂದು ಸಲಾನೂ ನೋಡಿಲ್ಲ," ಅಂದ ಅಜ್ಜ, ರೊಟ್ಟಿ ಮುರಿಯುತ್ತಾ.

ಜೇಬೆಜ್ ಬಾಗಿಲು ತೆರೆದಿಟ್ಟೇ ಹೊರಟ. ಚಳಿ ತಿನ್ನಲಿ ಮುದುಕ ಅಂತ.

ಗುಡಿಸಲಿಂದ ದಿಬ್ಬಕ್ಕೆ ಮುಕ್ಕಾಲು ಮೈಲಿ. ಗಾಳಿ ಬೆನ್ನಿಗೆ ಬೀಸುತ್ತಿತ್ತು. ಅಂದರೆ ಅವನ ಬೆವರು, ಹೆಂಡ, ಚರ್ಮದ ಟೋಪಿ, ಎಲ್ಲದರ ವಾಸನೆಯೂ ಅವನಿಗಿಂತ ಮುಂಚೆಯೇ ದಿಬ್ಬಕ್ಕೆ ಹೋಗಿ ಕಾಯುತ್ತಿತ್ತು. ಮೊಲ ಕಾಯುವವನು ಮೊದಲು ನೋಡಬೇಕಾದದ್ದೇ ಗಾಳಿ. ಅವತ್ತು ಅವನು ನೋಡಲಿಲ್ಲ. ದೊಣ್ಣೆ ಇದೆಯಲ್ಲ.

ದಿಬ್ಬ ಹತ್ತಿದಾಗ ಸದ್ದು ನಿಂತಿತು.

ಲಾಂದ್ರ ಎತ್ತಿದ. ಮೊದಲು ಕಂಡದ್ದು ಬೆನ್ನುಗಳು. ಮೊಲದ ಬೆನ್ನು. ಹತ್ತು... ಇಪ್ಪತ್ತು... ಬೆಳಕು ಹೋದಷ್ಟು ದೂರವೂ. ಎಲ್ಲ ಹಿಂಗಾಲ ಮೇಲೆ ಎದ್ದು, ದುಂಡಗೆ ಕೂತಿದ್ದವು. ಅವನ ಬೂಟು ಸದ್ದು ಮಾಡಿತು, ಲಾಂದ್ರದ ಕೊಂಡಿ ಕೀಚ್ ಅಂದಿತು. ಒಂದು ಮೊಲವೂ ಕಿವಿ ತಿರುಗಿಸಲಿಲ್ಲ. ಕಾಲಲ್ಲಿ ಒಂದನ್ನು ಪಕ್ಕಕ್ಕೆ ತಳ್ಳಿದ. ಅದು ಸರಿದು ಜಾಗ ಕೊಟ್ಟು ಮತ್ತೆ ಹಾಗೇ ಕೂತಿತು, ಹೆಂಡದಂಗಡಿಯಲ್ಲಿ ಬೆಂಚಿನ ಮೇಲೆ ಸರಿದು ಕೂರುತ್ತೇವಲ್ಲ, ಹಾಗೆ.

ನಡುವೆ ಒಂದು ಕೆಸರು ಬಣ್ಣದ ಮುದ್ದೆ.

ದುಬ್. ಲಾಗ ಹಾಕಿತು. ಸರ್ರ್. ಬೆನ್ನ ಮೇಲೆ ಜಾರಿತು. ಎದ್ದು ಬಾಲ ಹಿಡಿಯಲು ಸುತ್ತಿತು, ಸುತ್ತಿತು, ಕಟಕ್, ತಪ್ಪಿತು, ತಲೆ ತಿರುಗಿ ಪೃಷ್ಠದ ಮೇಲೆ ಕೂತಿತು. ನಾಲಿಗೆ ಒಂದು ಪಕ್ಕ ಜೋತಿತ್ತು. ಆಮೇಲೆ ತನ್ನ ಕಾಲನ್ನೇ ತಾನು ತುಳಿದು ಬೋರಲು ಬಿತ್ತು.

ಹೆದರಿಕೆ ಆಗಬೇಕಿತ್ತು. ಬೇರೆ ಯಾರೇ ಆಗಿದ್ದರೂ ಆಗುತ್ತಿತ್ತು. ಜೇಬೆಜ್‌ಗೆ ಬಂದದ್ದು ನಗು. ಹ್ಞುಂ.

"ಸತ್ರೂ ಬುದ್ಧಿ ಬರ್ಲಿಲ್ವಲ್ಲೇ ನಿನಗೆ," ಅಂದ.

ಅದು ಅವನ ಕಡೆ ನೋಡಲಿಲ್ಲ. ಉರುಳಿ ಸ್ವಲ್ಪ ಆಚೆ ಹೋಯಿತು, ಅಷ್ಟೇ. ಅಷ್ಟೊಂದು ಮೊಲಗಳ ನಡುವೆ ಇಷ್ಟು ದೊಡ್ಡ ಮನುಷ್ಯ, ಕೈಯಲ್ಲಿ ಲಾಂದ್ರ, ದೊಣ್ಣೆ... ಒಂದು ನಾಯಿ ತಿರುಗಿಯೂ ನೋಡುವುದಿಲ್ಲ ಅಂದರೆ! ಅವನಿಗೆ ಮೈ ಉರಿಯಿತು. ಎರಡು ಹೆಜ್ಜೆ ಮುಂದಿಟ್ಟ. ಅದು ಎರಡು ಲಾಗ ಆಚೆ ಹೋಯಿತು. ಒಂದೇ ಏಟು ಸಾಕು ಅಂದುಕೊಂಡ. ಏಟು ಹಾಕುವಷ್ಟು ಹತ್ತಿರ ಬರಲಿ. ಬಂದಿತು ಅನ್ನುವಾಗ ಅದು ಇನ್ನೊಂದು ಸುತ್ತು ಸುತ್ತಿ, ಕಾಲು ತೊಡರಿ, ದಿಬ್ಬದ ಇಳಿಜಾರಲ್ಲಿ ಮರದ ಪೀಪಾಯಿಯ ಹಾಗೆ ಉರುಳಿತು. ಅವನು ಮತ್ತೆ ನಕ್ಕ. ನಗುತ್ತಲೇ ಇಳಿದ. ಮೊಲಗಳೂ ಇಳಿದವು. ಪಕ್ಕದಲ್ಲಿ, ಹಿಂದೆ, ಸದ್ದಿಲ್ಲದೆ, ಅವನ ಹೆಜ್ಜೆಗೆ ಸರಿಯಾಗಿ.

ಇಲ್ಲಿ ನಿಲ್ಲಿಸಿ ಅವನನ್ನು ಒಂದು ಮಾತು ಕೇಳಬೇಕು ಅನ್ನಿಸುತ್ತದೆ ನನಗೆ. ಅಯ್ಯಾ, ಈ ಆಟ ನಿನಗೆ ಗೊತ್ತಿತ್ತಲ್ಲ? ಹುಟ್ಟಿದಾಗಿನಿಂದ ನೋಡಿದ್ದೆಯಲ್ಲ? ಮೊಲಕ್ಕಾದರೆ ಗೊತ್ತಿಲ್ಲ, ಅದು ಹುಲ್ಲು ತಿನ್ನುವ ಪ್ರಾಣಿ. ನೀನು?

ಗೋಡೆಯ ಕಂಡಿ ದಾಟಿದ್ದು ಅವನಿಗೆ ಗೊತ್ತಾಗಲಿಲ್ಲ. ಕಾಲಡಿ ಹುಲ್ಲಿನ ಕರಕ್ ಕರಕ್ ಹೋಗಿ ಟೊಕ್ ಅಂದಾಗ ಗೊತ್ತಾಯಿತು. ಹಲಗೆ. ಅದರ ಮೇಲೆ ನಿಂತಿದ್ದಾನೆ. ಎತ್ತಿದ ಕಾಲನ್ನು ಹಾಗೇ ಹಿಡಿದ. ಆಮೇಲೆ ನೆನಪಾಯಿತು. ಕೀಲು ಇನ್ನೂ ತೆಗೆದಿಲ್ಲ. ಲಾಂದ್ರ ಬಗ್ಗಿಸಿ ನೋಡಿದ. ಕೀಲು ಇತ್ತು, ಬೆಳಿಗ್ಗೆ ತಾನೇ ಜಡಿದ ಹಾಗೆ, ಅದರ ತಲೆಯ ಮೇಲೆ ಇಬ್ಬನಿ ಬಿಳಿಯಾಗಿ ಕೂತಿತ್ತು. ಸಂಜೆಯಿಂದ ಯಾರೂ ಮುಟ್ಟಿಲ್ಲ. ನೆಲದ ಹಾಗೆ ಗಟ್ಟಿ.

"ಕೀಲು ಇದೆ," ಅಂತ ಗಟ್ಟಿಯಾಗಿ ಹೇಳಿದ. ಯಾರಿಗೆ ಹೇಳಿದನೋ.

ತಲೆ ಎತ್ತಿದಾಗ ಟಿಬ್ ಸುಮ್ಮನೆ ನಿಂತಿತ್ತು. ಒಂದು ಮಾರು ದೂರದಲ್ಲಿ. ಉರುಳುತ್ತಿರಲಿಲ್ಲ. ನಾಲಿಗೆ ಒಳಗೆ. ಕಿವಿ ನೆಟ್ಟಗೆ.

ಅವನನ್ನೇ ನೋಡುತ್ತಿತ್ತು.

ಕಿರ್ರ್...

ಟಪ್.

ಎರಡಾಳು ಆಳ ಬಿದ್ದ. ಮೂಳೆ ಮುರಿಯಲಿಲ್ಲ. ತಳದಲ್ಲಿ ಹಳೇ ಮೊಲಗಳ ಕೂದಲು ಮೆತ್ತೆಯ ಹಾಗೆ ಕೂತಿತ್ತು. ಲಾಂದ್ರ ಪಕ್ಕದಲ್ಲೇ ನೆಟ್ಟಗೆ ಬಿದ್ದು ಉರಿಯುತ್ತಿತ್ತು. ಮೇಲೆ ಹಲಗೆ ಸಮವಾಗಿ ಮುಚ್ಚಿಕೊಂಡಿತ್ತು. ದೊಣ್ಣೆಯಿಂದ ತಿವಿದ. ಕೀಲು ಹಾಕಿದ ಹಲಗೆಯ ಹಾಗೆ, ಅದು ಅಲುಗಲಿಲ್ಲ. ಕೂಗಿದ. ಸೈಲಸ್ ಅಂತ ಕೂಗಿದ. ಅಜ್ಜಾ ಅಂತ ಕೂಗಿದ. ಕೊನೆಗೆ ಅಮ್ಮಾ ಅಂತ ಕೂಗಿದ. ಮೇಲೆ ಹಲಗೆಯ ಮೇಲೆ... ಧಪ್. ಮೊಲವೊಂದು ಹಿಂಗಾಲು ಬಡಿದ ಸದ್ದು. ಇನ್ನೊಂದು. ಧಪ್. ಧಪ್. ಆಮೇಲೆ ಲೆಕ್ಕವಿಲ್ಲದಷ್ಟು.

ಊರಿನವರಿಗೆ ಆ ಕೂಗು ಕೇಳಿಸಿತ್ತು. ಕೇಳಿಸಿಲ್ಲ ಅನ್ನಬೇಡಿ. ಸೈಲಸ್‌ನ ಹೆಂಡತಿ ಕೇಳಿಸಿಕೊಂಡು ಗಂಡನನ್ನು ಎಬ್ಬಿಸಿದ್ದಳು.

"ಯಾರೋ ಕೂಗ್ತಿದಾರೆ ಕಣ್ರಿ ದಿಬ್ಬದ ಕಡೆ."

"ಗಾಳಿ ಕಣೆ," ಅಂದ ಸೈಲಸ್, ಕಂಬಳಿ ತಲೆ ಮೇಲೆ ಎಳೆದುಕೊಂಡು.

ಗುಂಡಿಯ ಒಳಗೆ ಜೇಬೆಜ್ ಕೂಗಿ ಕೂಗಿ ಗಂಟಲು ಬಿದ್ದು ಸುಮ್ಮನಾದ. ಆಗ ಕೇಳಿಸಿತು. ಲಾಂದ್ರದ ಬೆಳಕು ಮುಟ್ಟದ ಮೂಲೆಯಿಂದ. ಹಿತವಾಗಿ, ಒಂದೇ ಸಮ, ನಾಯಿ ಮೂಸುವ ಸದ್ದು... ಸುಫ್. ಸುಫ್. ಸುಫ್.

ಕತ್ತಿನ ಹಿಂದೆ ಬೆಚ್ಚಗೆ ಉಸಿರು ಬಿತ್ತು.

ಹಿಡಿಯಿತು. ಕೋಟಿನ ಕಾಲರು, ಅದರ ಜೊತೆ ಅಷ್ಟಷ್ಟು ಚರ್ಮ. ನೋವಾಗಲಿಲ್ಲ. ಅದೇ ವಿಚಿತ್ರ ಅಂತ ಆಮೇಲೆ ಹೇಳಿದ, ಒಂದೇ ಒಂದು ಸಲ, ಅವನ ತಾಯಿಗೆ. ನೋವಿಲ್ಲ, ಹೆದರಿಕೆಯೂ ಇಲ್ಲ. ಕೈಕಾಲು ಅವನದಲ್ಲದ ಹಾಗೆ ಜೋತುಬಿದ್ದವು. ಕಣ್ಣು ತೆರೆದೇ ಇತ್ತು. ನಕ್ಷತ್ರ ಕಂಡವು. ಕಾಲ ಹಿಮ್ಮಡಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಎಳೆದುಕೊಂಡು ಬರುವ ಕರ್ರ್... ಕರ್ರ್... ಕೇಳಿಸಿತು. ಗುಂಡಿಯಿಂದ ಹೊರಗೆ ಬಂದದ್ದು ಹೇಗೆ, ಅದು ಅವನಿಗೂ ಗೊತ್ತಿಲ್ಲ. ಹಲಗೆ ತೆರೆದ ಸದ್ದು ಅವನು ಕೇಳಲೇ ಇಲ್ಲ.

ಆಮೇಲೆ ಕೆನ್ನೆಗೆ ಕಲ್ಲು ತಾಗಿತು. ಹೊಸ್ತಿಲು. ಈರುಳ್ಳಿ ಸಾರಿನ ವಾಸನೆ.

ಬಾಗಿಲು ಇನ್ನೂ ತೆರೆದೇ ಇತ್ತು, ಅವನೇ ತೆರೆದಿಟ್ಟು ಹೋಗಿದ್ದ ಹಾಗೆ. ಒಳಗೆ ಹಾಸಿಗೆ ಕಿರುಗುಟ್ಟಿತು. ಬರಿಗಾಲು ತಡವರಿಸುತ್ತಾ ಬಂತು. ಅಂಬ್ರೋಸ್ ಅಜ್ಜ ಬಾಗಿ ಕೈ ಚಾಚಿದ, ದಿನಾ ಚಾಚುವ ಹಾಗೆ.

ಒರಟು ಬೆರಳು ಅವನ ಕತ್ತಿನ ಮೇಲೆ ಕೂತವು. ನಾಡಿ ನೋಡಿದವು. ನಾಡಿ ಮೊಲದ ಹಾಗೇ ಹೊಡೆದುಕೊಳ್ಳುತ್ತಿತ್ತು. ಬೆರಳು ಕೆಳಗಿಳಿದವು. ಎದೆ. ಪಕ್ಕೆ, ಒಂದೊಂದು ಎಲುಬನ್ನೂ ಎಣಿಸಿದ ಹಾಗೆ. ಹೊಟ್ಟೆಯನ್ನು ಒಮ್ಮೆ ಅಮುಕಿದವು. ಜೇಬೆಜ್ ಬಾಯಿ ತೆರೆಯಲು ನೋಡಿದ. ನಾನು ಅಜ್ಜಾ, ನಾನು ಅನ್ನಲು ನೋಡಿದ. ಬರಲಿಲ್ಲ. ಅಜ್ಜನಿಗೆ ಗೊತ್ತಾಗಿತ್ತೋ ಇಲ್ಲವೋ? ಗೊತ್ತಾಗದೆ ಇರುತ್ತದೆಯೇ? ಕೋಟಿನ ಗುಂಡಿ ಇರುವ ಮೊಲ ಎಲ್ಲಿದೆ?

ಕೈ ಅಲ್ಲೇ ನಿಂತಿತು. ಬಹಳ ಹೊತ್ತು. ಕೊಡು ಅನ್ನುತ್ತಾನಾ... ಬಿಡು ಅನ್ನುತ್ತಾನಾ... ಅವನ ಕತ್ತಿನ ಹಿಂದೆ ಟಿಬ್‌ನ ಉಸಿರು ಕಾಯುತ್ತಿತ್ತು. ತಾನು ಬದುಕುವುದೂ ಸಾಯುವುದೂ ಕುರುಡನ ನಾಲಿಗೆಯ ತುದಿಯಲ್ಲಿದೆ ಅಂತ ಅವನಿಗೆ ಆಗ ತಿಳಿಯಿತು. ದೂರದಲ್ಲಿ ಕಾವಲುಮನೆಯಿಂದ ಡೋರ್ಕಸ್ ಅತ್ತೆಯ ಕೆಮ್ಮು ಕೇಳಿಸಿತು. ಖೊಳ್... ಖೊಳ್...

ಅಜ್ಜ ಆ ಕಡೆ ಕಿವಿ ತಿರುಗಿಸಿದ. ಆಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಥೂ... ಏನು ತಂದಿದೀಯ ಟಿಬ್. ಎಲುಬು, ಗಾಳಿ, ಇನ್ನೇನಿಲ್ಲ. ಬಿಟ್ಬಿಡು."

ಕತ್ತಿನ ಹಿಂದಿನ ಹಿಡಿತ ಸಡಿಲವಾಯಿತು.

ಶನಿವಾರ ಬೆಳಿಗ್ಗೆ ಪಾರುಪತ್ಯಗಾರ ಬಂದಾಗ ಅಂಬ್ರೋಸ್ ಅಜ್ಜನ ಹೊಸ್ತಿಲ ಮೇಲೆ ಜೇಬೆಜ್ ಅಡ್ಡಬಿದ್ದಿದ್ದ. ಅವನ ಪಕ್ಕದಲ್ಲಿ ಸಾಲಾಗಿ ಏಳು ಮೊಲ. ಪಡುವಣ ದಿಬ್ಬದವು, ಅಲ್ಲಿಯ ಕೆಂಪು ಮರಳು ಪಾದಕ್ಕೆ ಮೆತ್ತಿತ್ತು. ಏಳೂ ಜೀವಂತ, ಏಳೂ ಅಲುಗದೆ ಬಿದ್ದಿದ್ದವು, ಏಳಕ್ಕೂ ಹಲ್ಲಿನ ಗುರುತಿಲ್ಲ.

ಪಾರುಪತ್ಯಗಾರ ಈ ಸಲ ಕುದುರೆಯಿಂದ ಇಳಿದ.

"ಯಾರು ಹಿಡಿದದ್ದು?"

"ಕೈ ಚಾಚ್ದೆ. ಇದ್ವು," ಅಂದ ಅಜ್ಜ. "ಏಳು ಇಟ್ಕೊಂಡೆ. ಎಂಟನೇದು ಬೇಡ ಅಂದೆ."

ದಿಬ್ಬಕ್ಕೆ ಹೋಗಿ ನೋಡಿದರು. ಹಲಗೆಯ ಕೀಲು ಜಡಿದೇ ಇತ್ತು, ತಲೆಯ ಮೇಲೆ ಇಬ್ಬನಿ ಬಿಳಿಯಾಗಿ ಹಾಗೇ ಕೂತಿತ್ತು. ಸೈಲಸ್ ಸುತ್ತಿಗೆಯಲ್ಲಿ ಹೊಡೆದು ಕೀಲು ಬಿಡಿಸಿದ. ಗುಂಡಿಯ ತಳದಲ್ಲಿ ಜೇಬೆಜ್‌ನ ಟೋಪಿ, ದೊಣ್ಣೆ... ಲಾಂದ್ರ ಇನ್ನೂ ಉರಿಯುತ್ತಿತ್ತು.

ಮಾತು ಮಾತೇ. ಕಾವಲುಮನೆ ಮತ್ತೆ ಅಂಬ್ರೋಸ್ ಅಜ್ಜನದಾಯಿತು. ಅಜ್ಜ ತಡವರಿಸುತ್ತಾ ಒಳಗೆ ಬಂದು, ಒಲೆಯ ಮುಂದೆ ಗಂಟುಮೂಟೆ ಕಟ್ಟಿ ಕೂತಿದ್ದ ಡೋರ್ಕಸ್ ಅತ್ತೆಯ ಭುಜಕ್ಕೆ ಮೊಣಕಾಲು ತಾಗಿಸಿಕೊಂಡು ನಿಂತ.

"ನೀನೆಲ್ಲಿಗೆ ಹೊರಟೆ ತಂಗಿ? ಕೂತ್ಕೊ. ಒಲೆ ಇಬ್ಬರಿಗೆ ಸಾಲತ್ತೆ."

"ಮಗ, ಅಣ್ಣ?"

"ಗುಡಿಸಲು ಖಾಲಿ ಇದ್ಯಲ್ಲ. ಬಾಗಿಲು ಮಾತ್ರ ಹಾಕ್ಕೊಳ್ಳೋದು ಕಲೀಲಿ."

ಜೇಬೆಜ್ ಈಗ ಗುಡಿಸಲಲ್ಲಿದ್ದಾನೆ. ನಗುವುದಿಲ್ಲ. ಉಗಿಯುವುದೂ ಇಲ್ಲ. ನಾವು ಹುಡುಗರು ದಾರಿಯಲ್ಲಿ ಅವನ ಮುಂದೆ ಲಾಗ ಹಾಕಿದರೆ ಸಾಕು, ಮುಖ ತಿರುಗಿಸಿ ಬೇಗ ಬೇಗ ಮನೆಗೆ ಹೋಗುತ್ತಾನೆ. ನಾನು ದಿನಕ್ಕೊಂದು ಸಲವಾದರೂ ಹಾಕುತ್ತೇನೆ.

ಸುಳ್ಳು ಅನ್ನುವವರು ಕಾವಲುಮನೆಗೆ ಹೋಗಿ. ಡೋರ್ಕಸ್ ಅತ್ತೆ ಜೇಬೆಜ್‌ನ ಆ ರಾತ್ರಿಯ ಕೋಟನ್ನು ಒಲೆಯ ಮೇಲಿನ ಮೊಳೆಗೆ ತೂಗುಹಾಕಿ ಮೂರು ಚಳಿಗಾಲ ಆಯಿತು. ಹಗಲೂ ರಾತ್ರಿ ಬೆಂಕಿ ಕೆಳಗೇ ಇದೆ. ತೋಳು ಒಣಗಿ ಗರಿಗರಿ ಆಗಿದೆ, ಬೆನ್ನು ಒಣಗಿದೆ, ಜೇಬು ಒಣಗಿದೆ. ಕಾಲರು ಮುಟ್ಟಿ ನೋಡಿ.

ಒದ್ದೆ.